ಬಾನುಲಿಯ ವಾಗ್ಮಿಗಳೂ ಕೇಳುಗರ ಧರ್ಮವೂ

ಕನ್ನಡದಲ್ಲಿ 'ಕೇಳು' ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಕಿವಿಗೊಟ್ಟು ಆಲಿಸುವದು ಒಂದು, ಪ್ರಶ್ನೆ ಮಾಡುವದು ಇನ್ನೊಂದು. ಸಂಸ್ಕೃತದಲ್ಲಿ ಇವೆರಡಕ್ಕೂ ಬೇರೆ ಬೇರೆ ಧಾತುಗಳಿರುವವು. ನೆರೆಯ ಮರಾಠಿಯಲ್ಲಿಯೂ ಆಲಿಸುವದಕ್ಕೆ ಒಂದು ಮಾತು, ವಿಚಾರಿಸುವದಕ್ಕೆ ಮತ್ತೊಂದು ಮಾತು. ಕನ್ನಡವಾದರೋ ಎರಡು ಕ್ರಿಯೆಗಳನ್ನೂ ಒಂದೇ ಶಬ್ದದಲ್ಲಿ ಅಡಕಮಾಡಿದೆ. ಒಬ್ಬನ ಮಾತನ್ನು ಕೇಳಿದವನಿಗೆ ಅವನನ್ನು ತಿರುಗಿ ಕೇಳುವ ಅಧಿಕಾರವೂ ಇರುವದೆಂಬ ಲೋಕವ್ಯವಹಾರದ ಗುರುತು ಈ ಶಬ್ದದಲ್ಲಿ ಉಳಿದಿರುವಂತೆ ತೋರುತ್ತದೆ. ಚಾವಡಿಯಲ್ಲಾಗಲಿ, ಮಠದ ಅಂಗಳದಲ್ಲಾಗಲಿ, ಪಾಠಶಾಲೆಯಲ್ಲಾಗಲಿ ಹೇಳುವವನೂ ಕೇಳುವವನೂ ಎದುರುಬದುರು ಕುಳಿತಿರುತ್ತಿದ್ದರು. ಸಂಶಯ ಬಂದಲ್ಲಿ ತಡೆದು ಕೇಳುವದು ಅವಿನಯವೆನಿಸುತ್ತಿರಲಿಲ್ಲ.

ಬಾನುಲಿಯ ಯಂತ್ರವು ಈ ಎರಡು ಅರ್ಥಗಳನ್ನು ಬೇರ್ಪಡಿಸಿತು. ಅದರ ಮುಂದೆ ಲಕ್ಷಾವಧಿ ಜನರು ಕುಳಿತು ಕೇಳಬಹುದು. ಆದರೆ ಮಾತನಾಡುವವನನ್ನು ಒಬ್ಬನೂ ಕೇಳಲಾರನು. ಪ್ರಪಂಚದ ನಾನಾ ದೇಶಗಳಲ್ಲಿ ರಾಜಕೀಯ ವಿಷಯಗಳನ್ನು ಕುರಿತು ಬಾನುಲಿಯಲ್ಲಿ ತಪ್ಪದೆ ಮಾತನಾಡಿ, ಕೀರ್ತಿಗೂ ವಿವಾದಕ್ಕೂ ಸಮನಾಗಿ ಪಾತ್ರರಾದ ವಾಗ್ಮಿಗಳ ಬಲವು ಬಹುಮಟ್ಟಿಗೆ ಈ ಬೇರ್ಪಾಡಿನಲ್ಲಿಯೇ ಅಡಗಿದೆ. ಅವರ ವಾಕ್ಕಿನ ಗುಣದೋಷಗಳನ್ನೂ ಅದು ಕೇಳುಗರ ಮೇಲೆ ಮಾಡುವ ಪರಿಣಾಮವನ್ನೂ ಪರಿಶೀಲಿಸುವದು ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳ ಗೃಹಸ್ಥರಿಗೂ ಇಂದು ಅವಶ್ಯವಾಗಿದೆ. ಏಕೆಂದರೆ ಅಂಥ ವಾಕ್ಕು ಈಗ ಬಾನುಲಿಯ ಪೆಟ್ಟಿಗೆಯಲ್ಲಿಯೇ ನಿಂತಿಲ್ಲ. ದೂರದರ್ಶನದ ಪರದೆಯನ್ನೂ ಕೈಯಲ್ಲಿಯ ಮೊಬೈಲನ್ನೂ ಸೇರಿ ಅಡಿಗೆಯ ಮನೆಯವರೆಗೆ ಬಂದಿರುವದು.

ಈ ಯಂತ್ರಕ್ಕೆ ಈ ದೇಶದಲ್ಲಿ ದೊರೆತ ಹೆಸರೇ ಅರ್ಥಗರ್ಭಿತವಾದದ್ದು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪ್ರಸಾರ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಅದರ ಹೆಸರನ್ನೇ ಮುಂದೆ ಸ್ವತಂತ್ರ ಭಾರತದ ಪ್ರಸಾರ ಸಂಸ್ಥೆಯು ತನ್ನದಾಗಿ ಮಾಡಿಕೊಂಡಿತು. ಪುರಾಣಗಳನ್ನು ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಕಂಸನ ವೃತ್ತಾಂತವು ನೆನಪಿಗೆ ಬರುವದು. ತಂಗಿಯ ಮದುವೆಯ ಮೆರವಣಿಗೆಯಲ್ಲಿ ತಾನೇ ರಥದ ಸಾರಥಿಯಾಗಿ ಹೊರಟಿದ್ದವನು ಆಕಾಶದಿಂದ ಬಂದ ಒಂದು ಮಾತಿಗೆ ಅದೇ ತಂಗಿಯ ಮುಡಿಯನ್ನು ಹಿಡಿದು ಕತ್ತಿಯನ್ನೆತ್ತಿದನು. ಆ ಮಾತು ಸುಳ್ಳಾಗಿರಲಿಲ್ಲವೆಂಬುದನ್ನು ಇಲ್ಲಿ ಲಕ್ಷಿಸಬೇಕು. ಆದರೂ ನುಡಿದವರಾರೆಂದು ಕಾಣದೆ, ತಿರುಗಿ ಕೇಳುವ ಅವಕಾಶವಿಲ್ಲದೆ ಕಿವಿಗೆ ಬಿದ್ದ ಸತ್ಯವೇ ಒಂದು ಕ್ಷಣದಲ್ಲಿ ಅಣ್ಣನನ್ನು ಹಂತಕನನ್ನಾಗಿ ಮಾಡಹೊರಟಿತು. ಆ ಕತ್ತಿಯನ್ನು ತಡೆದದ್ದು ಮಗ್ಗುಲಲ್ಲಿಯೇ ನಿಂತಿದ್ದ ವಸುದೇವನ ಸಮಾಧಾನದ ಮಾತು. ದೂರದ ವಾಣಿಯು ಕೆರಳಿಸಿದ್ದನ್ನು ಸಮೀಪದ ವಾಣಿಯು ತಣಿಸಿತು. ಸತ್ಯವಾಣಿಗೇ ಇಂಥ ಶಕ್ತಿಯಿರುವಾಗ, ಸತ್ಯವನ್ನೂ ಅಸತ್ಯವನ್ನೂ ಬೆರಸಿ ದಿನಕ್ಕೆ ಮೂರು ತಾಸು ನುಡಿಯುವ ವಾಣಿಯ ಶಕ್ತಿಯನ್ನು ಬೇರೆ ಹೇಳುವದೇನು?

ಇಂಥ ವಾಗ್ಮಿಗಳ ವರ್ಗವು ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ವಿಶೇಷವಾಗಿ ಬೆಳೆಯಿತು. ಮಿಶಿಗನ್ ಪ್ರಾಂತದ ಚಾರ್ಲ್ಸ್ ಕಾಗ್ಲಿನ್ ಎಂಬ ಪಾದ್ರಿಯು 1926ರಲ್ಲಿ ಬಾನುಲಿಯಲ್ಲಿ ಧರ್ಮೋಪದೇಶವನ್ನಾರಂಭಿಸಿದನು. 1929ರ ಅನಂತರದ ಘೋರವಾದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಜನಕ್ಕೆ ಅವನ ಮೃದುವಾದ, ಕಂಪನದಿಂದ ಕೂಡಿದ ಕಂಠವು ಸಾಂತ್ವನವಾಯಿತು. ಬರಬರುತ್ತ ಉಪದೇಶವು ರಾಜಕಾರಣವಾಯಿತು. ಶ್ರೋತೃಗಳ ಸಂಖ್ಯೆಯು ಕೋಟಿಗಳನ್ನು ಮುಟ್ಟಿತು. ಮೊದಲು ಅಧ್ಯಕ್ಷ ರೂಸ್‌ವೆಲ್ಟರನ್ನು ಹೊಗಳಿದವನೇ ಮುಂದೆ ಅವರ ಕಡುವೈರಿಯಾದನು. ಜನರ ಬಡತನಕ್ಕೆ ಕಾರಣರು ಯಾರೆಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರವು 1938ರ ಹೊತ್ತಿಗೆ ಯೆಹೂದಿಗಳ ಕಡೆಗೆ ಬೆರಳು ಮಾಡುವದರಲ್ಲಿ ಮುಗಿಯಿತು. ಅದೇ ವರುಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ಯೆಹೂದಿಗಳ ಮನೆ, ಅಂಗಡಿ, ಪ್ರಾರ್ಥನಾಮಂದಿರಗಳನ್ನು ಸುಟ್ಟು ಸೂರೆಮಾಡಿದಾಗ, ಆ ಕೃತ್ಯಕ್ಕೆ ಸಮಾಧಾನ ಹೇಳುವ ಧಾಟಿಯಲ್ಲಿ ಅವನು ಮಾತನಾಡಿದನು. ನ್ಯೂಯಾರ್ಕಿನ ಒಂದು ಕೇಂದ್ರವು ಅಲ್ಲಿಂದ ಮುಂದೆ ಅವನ ಭಾಷಣವನ್ನು ಪ್ರಸಾರಮಾಡಲು ಒಪ್ಪಲಿಲ್ಲ. 1940ರಲ್ಲಿ ಅವನ ಬಾನುಲಿಯ ಅಧ್ಯಾಯವು ಮುಗಿಯಿತು. ಹಸಿದವರ ದುಃಖವನ್ನು ನಿಜವಾಗಿ ಕಂಡು ಆಡಿದ ಮಾತೇ ನಿರಪರಾಧಿಗಳ ಮೇಲಣ ದ್ವೇಷವಾಗಿ ಪರಿಣಮಿಸಿದ ಬಗೆಯನ್ನು ಈ ಚರಿತ್ರೆಯು ಸ್ಪಷ್ಟವಾಗಿ ತೋರಿಸುತ್ತದೆ.

ವಿವಾದಾಸ್ಪದವಾದ ವಿಷಯಗಳಲ್ಲಿ ಉಭಯಪಕ್ಷಗಳಿಗೂ ಅವಕಾಶವೀಯಬೇಕೆಂಬ ಒಂದು ನಿಯಮವನ್ನು ಅಮೇರಿಕೆಯು 1949ರಲ್ಲಿ ಮಾಡಿಕೊಂಡಿತು. 1987ರಲ್ಲಿ ಅದನ್ನು ತೆಗೆದುಹಾಕಿತು. ಮರುವರುಷವೇ ರಶ್ ಲಿಂಬೋ ಎಂಬವನ ಭಾಷಣವು ದೇಶವ್ಯಾಪಿಯಾಗಿ ಆರಂಭವಾಯಿತು. ವಾರದ ದಿನಗಳಲ್ಲಿ ನಿತ್ಯವೂ ಮೂರು ತಾಸಿನಂತೆ ಮೂವತ್ತಕ್ಕೂ ಹೆಚ್ಚು ವರುಷ, 2021ರಲ್ಲಿ ತಾನು ತೀರಿಕೊಳ್ಳುವ ಸಮಯದವರೆಗೆ ಅವನು ಮಾತನಾಡಿದನು. ಅವನ ಗುಣಗಳನ್ನು ಹೇಳದಿದ್ದರೆ ವಿಮರ್ಶೆಯು ಪಕ್ಷಪಾತವೆನಿಸುವದು. ಹಾಸ್ಯ, ವಿಡಂಬನೆ, ಮಾತಿನ ನಡುವೆ ಸರಿಯಾದ ಸ್ಥಳದಲ್ಲಿ ನಿಲ್ಲುವ ಚಾತುರ್ಯ ಇವು ಅವನಿಗೆ ಸಹಜವಾಗಿದ್ದವು. ಪತ್ರಿಕೆಗಳೂ ಪಂಡಿತರೂ ತಮ್ಮನ್ನು ಕಡೆಗಣಿಸಿರುವರೆಂದು ನೊಂದಿದ್ದ ಜನಕ್ಕೆ ತಮ್ಮ ಮನದ ಮಾತನ್ನು ಆಡುವವನೊಬ್ಬ ದೊರೆತನೆಂಬ ತೃಪ್ತಿಯನ್ನು ಅವನು ಕೊಟ್ಟನು. 1994ರ ಚುನಾವಣೆಯಲ್ಲಿ ಗೆದ್ದುಬಂದ ರಿಪಬ್ಲಿಕನ್ ಪಕ್ಷದ ಹೊಸ ಪ್ರತಿನಿಧಿಗಳು ಅವನನ್ನು ತಮ್ಮ ಗುಂಪಿನ ಗೌರವ ಸದಸ್ಯನೆಂದು ಮನ್ನಿಸಿದರೆಂಬುದರಿಂದಲೇ ಅವನ ಪ್ರಭಾವವನ್ನು ಊಹಿಸಬಹುದು.

ಆದರೆ ಅವನ ಸಭೆಯಲ್ಲಿ ನಡೆದ ಒಂದು ಸಣ್ಣ ಸಂಪ್ರದಾಯವು ಪ್ರಸ್ತುತ ವಿಷಯಕ್ಕೆ ದೊಡ್ಡ ಸಾಕ್ಷಿಯಾಗಿದೆ. ಆ ಕಾರ್ಯಕ್ರಮಕ್ಕೆ ಟೆಲಿಫೋನಿನ ಮೂಲಕ ಶ್ರೋತೃಗಳೂ ಮಾತನಾಡುತ್ತಿದ್ದರು. ಹೊಗಳಿಕೆಯಲ್ಲಿ ಹೊತ್ತು ಕಳೆಯಬಾರದೆಂದು ಅವರು 'ಡಿಟ್ಟೋ', ಎಂದರೆ 'ಮೊದಲಿನವನು ಹೇಳಿದ್ದೇ ನನ್ನದೂ', ಎಂದಷ್ಟೇ ಹೇಳಿ ಮುಂದುವರಿಯತೊಡಗಿದರು. ಕೊನೆಗೆ ಆ ಅನುಯಾಯಿಗಳಿಗೆ ಅದೇ ಅಡ್ಡಹೆಸರಾಯಿತು. ಪ್ರಶ್ನಿಸುವದಕ್ಕೆಂದು ತೆರೆದ ಬಾಗಿಲಿನಲ್ಲಿ ಅನುಮೋದನೆಯೇ ಒಳಬಂದಿತು. ಭಿನ್ನಮತದವನು ಬಂದಾಗಲೂ ತಂತಿಯನ್ನು ಕಡಿಯುವ ಗುಂಡಿಯು ವಾಗ್ಮಿಯ ಕೈಯಲ್ಲಿಯೇ ಇದ್ದಿತು.

ಇದೇ ಕಲೆಯ ಅತ್ಯಂತ ಹೀನವಾದ ರೂಪವನ್ನು ಅಲೆಕ್ಸ್ ಜೋನ್ಸ್ ಎಂಬವನಲ್ಲಿ ಕಾಣಬಹುದು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ಪ್ರಾಂತದ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಯುವಕನು ಗುಂಡು ಹಾರಿಸಿ 20 ಮಕ್ಕಳನ್ನೂ 6 ಜನ ಹಿರಿಯರನ್ನೂ ಕೊಂದನು. ಜೋನ್ಸನು ತನ್ನ ಪ್ರಸಾರಗಳಲ್ಲಿ ಇದೆಲ್ಲವೂ ಸರಕಾರವು ಹೂಡಿದ ನಾಟಕವೆಂದೂ ಮಕ್ಕಳು ಸತ್ತೇ ಇಲ್ಲವೆಂದೂ ವರುಷಗಟ್ಟಲೆ ಸಾರಿದನು. ಅವನನ್ನು ನಂಬಿದ ಜನರು ಮಕ್ಕಳನ್ನು ಮಣ್ಣುಮಾಡಿ ಬಂದ ತಂದೆತಾಯಿಗಳಿಗೆ ಬೆದರಿಕೆ ಹಾಕಿದರು, ಸುಳ್ಳುಗಾರರೆಂದು ಜರೆದರು. 2022ರಲ್ಲಿ ಕನೆಕ್ಟಿಕಟ್ಟಿನ ನ್ಯಾಯದರ್ಶಿಗಳು ಆ ಕುಟುಂಬಗಳಿಗೆ 96 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರವನ್ನು ವಿಧಿಸಿದರು. ಹಣದ ಮೊತ್ತವು ಎಷ್ಟೇ ಇರಲಿ, ಒಬ್ಬ ತಾಯಿಯು ತನ್ನ ಕೂಸು ಸತ್ತಿತೆಂಬುದನ್ನು ಲೋಕಕ್ಕೆ ಸಾಧಿಸಿ ತೋರಿಸಬೇಕಾಗಿ ಬಂದ ದುರವಸ್ಥೆಯನ್ನು ಅದರಿಂದ ತುಂಬುವದು ಶಕ್ಯವಲ್ಲ.

ಈ ಮೂವರ ವಾಕ್ಕಿಗೆ ಯಾವ ಅಳತೆಗೋಲನ್ನು ಹಿಡಿಯಬೇಕು? ಪ್ರಾಚೀನ ನ್ಯಾಯಶಾಸ್ತ್ರವು ಇದಕ್ಕೆ ತಕ್ಕ ಸಾಧನವನ್ನು ಒದಗಿಸಿದೆ. ಅಲ್ಲಿ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯುವದು ವಾದ. ಗೆಲ್ಲಬೇಕೆಂಬ ಇಚ್ಛೆಯಿಂದ ಛಲ ಮೊದಲಾದ ಉಪಾಯಗಳನ್ನೂ ಹೂಡಿ ನಡೆಯಿಸುವದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನ ಪಕ್ಷವನ್ನು ಕೆಡವುವದಷ್ಟೇ ವಿತಂಡ. ಬಾನುಲಿಯ ವಾಗ್ಮಿಯು ವಾದದ ವೇಷದಲ್ಲಿ ಆರಂಭಿಸಿ ಜಲ್ಪದಲ್ಲಿ ಬೆಳೆದು ವಿತಂಡದಲ್ಲಿ ನೆಲೆಸುವನು. ಯಾವನನ್ನು ತೆಗೆದುಹಾಕಬೇಕೆಂಬುದನ್ನು ಅವನು ನಿತ್ಯವೂ ಹೇಳುವನು. ತೆಗೆದಮೇಲೆ ಏನು ಮಾಡಬೇಕೆಂಬುದನ್ನು ವಿರಳವಾಗಿ ಹೇಳುವನು.

ವಾದಿಯು ಸೋತನೆಂದು ನಿರ್ಣಯಿಸುವ 22 ನಿಗ್ರಹಸ್ಥಾನಗಳನ್ನು ಅದೇ ಶಾಸ್ತ್ರವು ಎಣಿಸಿದೆ. ಅವುಗಳಲ್ಲಿ ಕೆಲವನ್ನು ನೋಡಿದರೆ ಅವು ಈ ಕಾಲದ ವಾಗ್ಮಿಗಳಿಗಾಗಿಯೇ ಬರೆದಂತಿವೆ. ಹಿಡಿದ ವಿಷಯವನ್ನು ಬಿಟ್ಟು ಬೇರೊಂದಕ್ಕೆ ಜಾರುವದು ಅರ್ಥಾಂತರ. ಹೇಳಿದ್ದನ್ನೇ ನಿಷ್ಪ್ರಯೋಜಕವಾಗಿ ಮತ್ತೆ ಮತ್ತೆ ಹೇಳುವದು ಪುನರುಕ್ತ. ತನ್ನ ಮೇಲಣ ದೋಷವನ್ನು ನಿವಾರಿಸದೆ 'ನಿನ್ನಲ್ಲಿಯೂ ಅದೇ ದೋಷವಿಲ್ಲವೇ?' ಎಂದು ತಿರುಗಿಬೀಳುವದು ಮತಾನುಜ್ಞಾ. ಹಾಗೆ ತಿರುಗಿಬಿದ್ದವನು ತನ್ನ ದೋಷವನ್ನು ಒಪ್ಪಿಕೊಂಡಂತೆಯೇ ಆಯಿತೆಂಬುದು ನೈಯಾಯಿಕರ ಅಭಿಪ್ರಾಯ. ಎದುರಿನವನು ಮೂರು ಸಲ ಹೇಳಿದರೂ ಅವನ ಪಕ್ಷವನ್ನು ತನ್ನ ಬಾಯಿಂದ ಯಥಾವತ್ತಾಗಿ ಅನುವಾದಿಸದೆ ಇರುವದು ಅನನುಭಾಷಣ. ಈ ಕೊನೆಯದೇ ಎಲ್ಲಕ್ಕಿಂತಲೂ ಒಳ್ಳೆಯ ಪರೀಕ್ಷೆ. ಯಾವ ವಾಗ್ಮಿಯು ತನ್ನ ವಿರೋಧಿಯ ಮಾತನ್ನು, ಆ ವಿರೋಧಿಯೇ 'ಹೌದು, ಇದೇ ನನ್ನ ಮಾತು' ಎಂದು ಒಪ್ಪುವಂತೆ ಒಮ್ಮೆಯಾದರೂ ಹೇಳಿರುವನು? ಹೇಳದವನು ಜ್ಞಾನದ ಸಭೆಯಲ್ಲಿ ಆಗಲೇ ಸೋತವನು. ಆದರೆ ಬಾನುಲಿಯ ಸಭೆಯಲ್ಲಿ ವಾದಿಯೂ ಅವನೇ, ಪ್ರತಿವಾದಿಯ ಪರವಾಗಿ ಮಾತನಾಡುವವನೂ ಅವನೇ, ತೀರ್ಪು ಹೇಳುವ ಮಧ್ಯಸ್ಥನೂ ಅವನೇ. ಅಲ್ಲಿ ಸೋಲೆಂಬುದು ಸಂಭವಿಸುವದೇ ಇಲ್ಲ.

ಹಾಗಾದರೆ ಬುದ್ಧಿವಂತರಾದ ಶ್ರೋತೃಗಳೂ ಅದಕ್ಕೆ ಮರುಳಾಗುವದೇಕೆ? ಇಲ್ಲಿ ಆಪ್ತವಾಕ್ಯದ ವಿಚಾರವು ಬರುತ್ತದೆ. ಶಾಸ್ತ್ರದಲ್ಲಿ ಆಪ್ತನೆಂದರೆ ಇದ್ದದ್ದನ್ನು ಇದ್ದಂತೆ ಬಲ್ಲವನು, ಬಲ್ಲದ್ದನ್ನು ಬಲ್ಲಂತೆಯೇ ಹೇಳುವವನು. ಲೋಕದಲ್ಲಿಯಾದರೋ ಆಪ್ತನೆಂದರೆ ಬಳಕೆಯವನು, ಹತ್ತಿರದವನು. ಪ್ರತಿದಿನವೂ ನಿಯತವಾದ ಹೊತ್ತಿನಲ್ಲಿ ಮನೆಯೊಳಗೆ ಬಂದು, ಊಟದ ಮಣೆಯ ಬಳಿಯಲ್ಲಿ ಕುಳಿತಂತೆ ಏಕವಚನದ ಸಲಿಗೆಯಲ್ಲಿ ಮಾತನಾಡುವ ಧ್ವನಿಯು ಎರಡನೆಯ ಅರ್ಥದಲ್ಲಿ ಆಪ್ತವಾಗುವದು. ಶ್ರೋತೃವು ಅರಿಯದಂತೆಯೇ ಅದು ಮೊದಲನೆಯ ಅರ್ಥದ ಪೀಠವನ್ನು ಏರಿ ಕುಳಿತುಕೊಳ್ಳುವದು. ಘಟಪ್ರಭೆಯು ಗೋಕಾಕದ ಜಲಪಾತದಲ್ಲಿ ಧುಮುಕುವ ಭೋರ್ಗರೆತವು ಮಳೆಗಾಲದಲ್ಲಿ ಹೊಸದಾಗಿ ಬಂದವನ ಎದೆಯನ್ನು ನಡುಗಿಸುವದು. ಅಲ್ಲಿಯೇ ಬಾಳುವವರಿಗೆ ಅದು ಕೇಳಿಸಿಯೂ ಕೇಳಿಸದು. ಅವರು ತಮಗರಿಯದೆಯೇ ಸ್ವಲ್ಪ ಗಟ್ಟಿಯಾಗಿ ಮಾತನಾಡುವದನ್ನು ಕಲಿತಿರುತ್ತಾರೆ. ನಿತ್ಯ ಕಿವಿಗೆ ಬೀಳುವ ರೋಷದ ಮಾತಿನ ಪರಿಣಾಮವೂ ಇದೇ ತೆರನಾದದ್ದು. ಅದು ರೋಷವೆಂದು ತೋರುವದು ನಿಂತುಹೋಗುವದು. ಮನೆಯವರ ಧ್ವನಿಯು ಮಾತ್ರ ಏರುವದು.

ಈ ಪ್ರಭಾವವು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಆಫ್ರಿಕೆಯ ರುವಾಂಡಾ ದೇಶದ ದುರಂತವನ್ನು ಉದಾಹರಿಸುವದುಂಟು. ಅಲ್ಲಿ 1993ರ ಜುಲೈ ತಿಂಗಳಲ್ಲಿ ಆರಂಭವಾದ ಒಂದು ಖಾಸಗಿ ಬಾನುಲಿ ಕೇಂದ್ರವು ಜನಪ್ರಿಯವಾದ ಸಂಗೀತವನ್ನೂ ಚೇಷ್ಟೆಯ ಹರಟೆಯನ್ನೂ ಕೊಟ್ಟು ಕೇಳುಗರನ್ನು ಒಲಿಸಿಕೊಂಡಿತು. ಅನಂತರ ತುಟ್ಸಿ ಜನರನ್ನು ಜಿರಲೆಗಳೆಂದು ಕರೆಯಿತು. 1994ರ ಏಪ್ರಿಲಿನಿಂದ ಜುಲೈವರೆಗೆ ನಡೆದ ನರಮೇಧದಲ್ಲಿ ಕೊಲ್ಲತಕ್ಕವರ ಹೆಸರುಗಳನ್ನೂ ಸ್ಥಳಗಳನ್ನೂ ಓದಿ ಹೇಳಿತು. ಸುಮಾರು ನೂರು ದಿನಗಳಲ್ಲಿ ಸತ್ತವರು ಎಂಟು ಲಕ್ಷವೆಂದು ಅಂದಾಜು. ಅಂತರರಾಷ್ಟ್ರೀಯ ನ್ಯಾಯಮಂಡಳಿಯು 2003ರಲ್ಲಿ ಆ ಕೇಂದ್ರದ ಸ್ಥಾಪಕರನ್ನು ದೋಷಿಗಳೆಂದು ನಿರ್ಣಯಿಸಿತು.

ಆದರೂ ವಿಮರ್ಶಕನು ಇಲ್ಲಿ ಅವಸರಪಡಬಾರದು. ಬಾನುಲಿಯೇ ಕೊಂದಿತೆಂದು ಹೇಳಿಬಿಟ್ಟರೆ ಕೊಂದ ಕೈಗಳ ಹೊಣೆಯು ಹಗುರವಾಗುವದು. ಸ್ಕಾಟ್ ಸ್ಟ್ರಾಸ್ ಎಂಬ ಸಂಶೋಧಕರು ಕೊಲೆಗಾರರನ್ನೇ ವಿಚಾರಿಸಿ, ಅವರಲ್ಲಿ ಹೆಚ್ಚಿನವರು ನೆರೆಹೊರೆಯವರ ಮತ್ತು ಊರಿನ ಅಧಿಕಾರಿಗಳ ನೇರವಾದ ಒತ್ತಾಯದಿಂದ ಹೊರಟವರೆಂದು 2007ರಲ್ಲಿ ತೋರಿಸಿದರು. ಡೇವಿಡ್ ಯಾನಾಗಿಜಾವಾ-ಡ್ರಾಟ್ ಎಂಬವರು ಆ ಧ್ವನಿಯು ಮುಟ್ಟಿದ ಹಳ್ಳಿಗಳನ್ನೂ ಗುಡ್ಡದ ಮರೆಯಿಂದಾಗಿ ಮುಟ್ಟದ ಹಳ್ಳಿಗಳನ್ನೂ ತೂಗಿನೋಡಿ, ಹಿಂಸೆಯಲ್ಲಿ ಭಾಗಿಗಳಾದವರಲ್ಲಿ ನೂರಕ್ಕೆ ಹತ್ತರಷ್ಟು ಪಾಲು ಬಾನುಲಿಯ ಪರಿಣಾಮವೆಂದು 2014ರಲ್ಲಿ ಲೆಕ್ಕಹಾಕಿದರು. ಎಂದರೆ, ಬಾನುಲಿಯು ಬರೀ ಬಂಡೆಯ ಮೇಲೆ ಬೆಳೆಯನ್ನು ಬೆಳೆಯಲಾರದು. ಮೊದಲೇ ಬಿತ್ತಿದ ನೆಲಕ್ಕೆ ನೀರು ಹಾಯಿಸಬಲ್ಲದು.

ಅದೇ ದೇಶದಲ್ಲಿ ಮುಂದೆ ಸಾಮರಸ್ಯವನ್ನು ಬೋಧಿಸುವ ಒಂದು ಬಾನುಲಿ ನಾಟಕವನ್ನು ಪ್ರಸಾರಮಾಡಿ, ಬೆಟ್ಸಿ ಪಾಲಕ್ ಎಂಬ ವಿದುಷಿಯು ಅದರ ಫಲವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಅದನ್ನು ಕೇಳಿದವರ ಅಂತರಂಗದ ನಂಬಿಕೆಗಳು ಅಷ್ಟಾಗಿ ಬದಲಾಗಲಿಲ್ಲ. ಆದರೆ ಸಮಾಜದಲ್ಲಿ ಯಾವ ನಡತೆಯು ಯೋಗ್ಯವೆನಿಸುವದೆಂಬ ಅವರ ತಿಳುವಳಿಕೆಯು ಬದಲಾಯಿತು. ಈ ಶೋಧವು ವಾಗ್ಮಿಗಳ ರಹಸ್ಯದ ಮೇಲೆಯೂ ಬೆಳಕು ಚೆಲ್ಲುವದು. ಅವರು ಶ್ರೋತೃವಿಗೆ ಹೊಸದೊಂದು ಮತವನ್ನು ಕೊಡುವದಕ್ಕಿಂತಲೂ ಮಿಗಿಲಾಗಿ, ಅವನ ಮನಸ್ಸಿನ ಮೂಲೆಯಲ್ಲಿದ್ದು ಬಾಯಿಗೆ ಬರಲು ನಾಚುತ್ತಿದ್ದ ಮಾತಿಗೆ ನಾಚಿಕೆಯನ್ನು ಕಳೆಯುವರು. 'ಇದನ್ನು ಎಲ್ಲರೂ ಅನ್ನುವರು, ನೀನೂ ಅನ್ನಬಹುದು' ಎಂಬ ಅನುಜ್ಞೆಯೇ ಅವರು ಹಂಚುವ ಸರಕು. ಸಮಾಜವು ನಾಚಿಕೆಯ ಒಂದು ತೆಳುವಾದ ಪರದೆಯನ್ನು ಹಿಡಿದುಕೊಂಡು ಎಷ್ಟೋ ಅನರ್ಥಗಳನ್ನು ತಡೆದಿರುತ್ತದೆ. ಅದು ಹರಿದುಹೋದಮೇಲೆ ನೇಯುವದು ಕಷ್ಟ.

ಭಾರತದಲ್ಲಿ ಇಂಥ ಬಾನುಲಿ ವಾಗ್ಮಿಗಳ ವರ್ಗವು ಹುಟ್ಟಲಿಲ್ಲ. ಅದಕ್ಕೆ ಕಾರಣ ಜನರ ವಿವೇಕಕ್ಕಿಂತಲೂ ಸರಕಾರದ ನಿಯಮ. ಧಾರವಾಡದ ಕೇಂದ್ರವು 1950ರ ಜನವರಿ 8ರಂದು ಆರಂಭವಾದಂದಿನಿಂದ ಈ ಸೀಮೆಯ ಮನೆಗಳಿಗೆ ಸಂಗೀತ, ಪ್ರದೇಶ ಸಮಾಚಾರ, ಒಕ್ಕಲುತನದ ಮಾತು ಇವು ಬಂದವು. ರಾಜಕೀಯದ ಏಕಾಕಿ ಭಾಷಣಕಾರನು ಬರಲಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್. ಎಂ. ಕೇಂದ್ರವು ತೆರೆದಾಗಲೂ ಸ್ವಂತ ಸುದ್ದಿಯನ್ನು ಹೇಳುವ ಅಧಿಕಾರವನ್ನು ಅಂಥ ಕೇಂದ್ರಗಳಿಗೆ ಕೊಡಲಿಲ್ಲ. 2011ರ ನಿಯಮವು ಆಕಾಶವಾಣಿಯ ವಾರ್ತೆಗಳನ್ನು ಇದ್ದಕ್ಕಿದ್ದಂತೆ ಮರುಪ್ರಸಾರಮಾಡಲು ಮಾತ್ರ ಒಪ್ಪಿತು. 2014ರ ಅಕ್ಟೋಬರ್ 3ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಆರಂಭಿಸಿದ 'ಮನ್ ಕೀ ಬಾತ್' ಎಂಬ ಭಾಷಣಮಾಲೆಯು ಕನ್ನಡದಲ್ಲಿಯೂ ಬರುತ್ತಲಿದ್ದು 2023ರ ಏಪ್ರಿಲಿನಲ್ಲಿ ನೂರನೆಯ ಸಂಚಿಕೆಯನ್ನು ಮುಟ್ಟಿತು. ಅದನ್ನು ಮೇಲೆ ಹೇಳಿದ ವಾಗ್ಮಿಗಳ ಸಾಲಿನಲ್ಲಿ ಕೂಡಿಸುವದು ಅನ್ಯಾಯವಾದೀತು. ಅದರಲ್ಲಿ ಸ್ವಚ್ಛತೆ, ಆರೋಗ್ಯ, ಸಾಧಕರ ಪರಿಚಯ ಮೊದಲಾದ ವಿಷಯಗಳೇ ಹೆಚ್ಚು. ಆದರೂ ಅಲ್ಲಿ ಓದುವ ಪತ್ರಗಳನ್ನು ಆರಿಸುವ ಅಧಿಕಾರವು ಹೇಳುವವರ ಕಡೆಗೇ ಇರುವದರಿಂದ, ಕೇಳುವದೆಂಬ ಕ್ರಿಯೆಯ ಎರಡನೆಯ ಅರ್ಥವು ಅಲ್ಲಿಯೂ ಪೂರ್ಣವಾಗಿ ದೊರೆಯುವದಿಲ್ಲವೆಂದು ಹೇಳದೆ ಗತ್ಯಂತರವಿಲ್ಲ.

ಬಾನುಲಿಯಲ್ಲಿ ಎಡೆ ದೊರೆಯದ ವಾಗ್ಮಿಯು ಸುದ್ದಿವಾಹಿನಿಗಳ ಸಂಜೆಯ ಚರ್ಚೆಗಳಲ್ಲಿ ಅವತರಿಸಿದನು. ಅಲ್ಲಿ ಎಂಟು ಮುಖಗಳನ್ನು ತೋರಿಸಿ ಒಂದೇ ಕಂಠವನ್ನು ಕೇಳಿಸುವರು. ಕೋವಿಡ್ ರೋಗದ 2020ರ ದಿನಗಳಲ್ಲಿ ತಬ್ಲೀಗೀ ಜಮಾತಿನ ಸಮ್ಮೇಳನವನ್ನು ಕುರಿತು ಮಾಡಿದ ಪ್ರಸಾರಗಳಿಗಾಗಿ, ಸುದ್ದಿವಾಹಿನಿಗಳು ತಾವೇ ಮಾಡಿಕೊಂಡ ನಿಯಂತ್ರಣ ಸಂಸ್ಥೆಯು 2021ರ ಜೂನಿನಲ್ಲಿ ನ್ಯೂಸ್ 18 ಕನ್ನಡಕ್ಕೆ 1 ಲಕ್ಷ ರೂಪಾಯಿಯನ್ನೂ ಸುವರ್ಣ ನ್ಯೂಸಿಗೆ 50 ಸಾವಿರ ರೂಪಾಯಿಯನ್ನೂ ದಂಡವಾಗಿ ವಿಧಿಸಿತು. 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದ್ವೇಷಭಾಷಣದ ಮೊಕದ್ದಮೆಗಳನ್ನು ವಿಚಾರಿಸುವಾಗ, ಚರ್ಚೆಯನ್ನು ನಡೆಯಿಸುವ ನಿರೂಪಕನ ಹೊಣೆಯು ದೊಡ್ಡದೆಂದು ಎಚ್ಚರಿಸಿತು. ದಂಡವು ವಾಹಿನಿಯ ಬೊಕ್ಕಸಕ್ಕೆ ತಾಗಿತು. ಒಂದು ವರುಷದ ಹಿಂದೆಯೇ ಮನೆಮನೆಗಳಲ್ಲಿ ಹುಟ್ಟಿದ್ದ ಸಂಶಯಕ್ಕೆ ಅದು ತಾಗಿತೆಂದು ಹೇಳುವಂತಿಲ್ಲ.

ಹೀಗಿರುವದರಿಂದ ಇಂಥ ವಾಕ್ಕನ್ನೆಲ್ಲ ಸರಕಾರವು ನಿಷೇಧಿಸಿಬಿಡಲೆಂದು ಕೆಲವರು ಹೇಳಬಹುದು. ಈ ಪೂರ್ವಪಕ್ಷಕ್ಕೆ ದೇಶದ ಅನುಭವವೇ ಉತ್ತರ ಕೊಟ್ಟಿದೆ. 1952ರಲ್ಲಿ ಸಚಿವರಾದ ಬಿ. ವಿ. ಕೇಸ್ಕರರು ಸಿನೆಮಾ ಹಾಡುಗಳು ಅಭಿರುಚಿಯನ್ನು ಕೆಡಿಸುವವೆಂದು ಆಕಾಶವಾಣಿಯಿಂದ ಅವುಗಳನ್ನು ದೂರಮಾಡಿದರು. ಜನರು ಕಿವಿಯನ್ನು ಮುಚ್ಚಿಕೊಳ್ಳಲಿಲ್ಲ. ಮುಳ್ಳನ್ನು ತಿರುವಿ ರೇಡಿಯೋ ಸಿಲೋನನ್ನು ಕೇಳಿದರು. ಕೊನೆಗೆ 1957ರಲ್ಲಿ ವಿವಿಧಭಾರತಿಯನ್ನು ತೆರೆಯಬೇಕಾಯಿತು. ಇನ್ನು ತುರ್ತುಪರಿಸ್ಥಿತಿಯ 1975ರಿಂದ 1977ರವರೆಗೆ ಆಕಾಶವಾಣಿಯು ಆಳುವವರ ಏಕಕಂಠವಾದಾಗ, ನಿಜವಾದ ಸುದ್ದಿಗಾಗಿ ಜನರು ಬೀಬೀಸಿಯ ಮೊರೆಹೊಕ್ಕರು. ಒಬ್ಬ ವಾಗ್ಮಿಯ ಏಕಪಕ್ಷೀಯ ಮಾತು ದೋಷವಾದರೆ ಸರಕಾರದ ಏಕಪಕ್ಷೀಯ ಮಾತು ಅದಕ್ಕಿಂತ ದೊಡ್ಡ ದೋಷ. ರುವಾಂಡಾದಲ್ಲಿ ನಡೆದಂತೆ ಕೊಲೆಗೆ ಕರೆಯುವ ಮಾತನ್ನು ತಡೆಯುವದು ರಾಜಧರ್ಮವೇ ಸರಿ; ಉಳಿದುದರ ಪರಿಹಾರವು ಕೇಳುವವನ ಕಡೆಗೇ ಇದೆ.

ಆ ಪರಿಹಾರವನ್ನು ಹುಡುಕಿಕೊಂಡು ಈ ಸೀಮೆಯವರು ದೂರ ಹೋಗಬೇಕಾದದ್ದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಲಿನ ಹಳ್ಳಿಗಳ ಜಾತ್ರೆಗಳಲ್ಲಿ ಹರದೇಶಿ ನಾಗೇಶಿಯ ಹಾಡುಗಾರಿಕೆಯನ್ನು ಕೇಳದವರು ವಿರಳ. ಹರದೇಶಿಯವರು ಪುರುಷನು ಮೇಲೆಂದು ಹಾಡಿದರೆ ನಾಗೇಶಿಯವರು ಪ್ರಕೃತಿಯು ಮೇಲೆಂದು ಹಾಡುವರು. ಸವಾಲು ಒಂದು ಕಡೆಯಿಂದ, ಜವಾಬು ಇನ್ನೊಂದು ಕಡೆಯಿಂದ. ಬೆಳಗಿನವರೆಗೂ ನಡೆಯುವ ಈ ಜಗಳದಲ್ಲಿ ಚುಚ್ಚುಮಾತಿಗೂ ಹಾಸ್ಯಕ್ಕೂ ಕೊರತೆಯಿಲ್ಲ. ಆದರೆ ಒಂದು ಕಟ್ಟು ಅಲ್ಲಿರುವದು. ಎದುರಿನವರ ಸವಾಲನ್ನು ಹಿಡಿದುಕೊಳ್ಳದೆ ಜವಾಬು ಹಾಡುವಂತಿಲ್ಲ. ಜವಾಬು ತೋಚದವರು ದಪ್ಪಿನ ಸದ್ದನ್ನು ಎಷ್ಟು ಏರಿಸಿದರೂ ನೆರೆದ ಜನರು ಬಿಡುವದಿಲ್ಲ. ನ್ಯಾಯಶಾಸ್ತ್ರವು ಅನನುಭಾಷಣವೆಂದು ಹೆಸರಿಟ್ಟ ದೋಷವನ್ನು ಅಕ್ಷರವರಿಯದ ಒಕ್ಕಲಿಗನೂ ಅಲ್ಲಿ ಕಂಡುಹಿಡಿಯಬಲ್ಲನು. ಹಳೆಯ ಗೋಕಾಕ ತಾಲೂಕಿನ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣಪಾರಿಜಾತದಲ್ಲಿಯೂ ಇದೇ ನೀತಿಯುಂಟು. ಕಲಹಪ್ರಿಯನಾದ ನಾರದನು ತಂದ ಒಂದು ಹೂವಿನಿಂದ ಮನೆಯಲ್ಲಿ ಬೆಂಕಿ ಹತ್ತುವದು ನಿಜ. ಆದರೆ ಸತ್ಯಭಾಮೆಯು ಶ್ರೀಕೃಷ್ಣನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುವಳು, ದೇವರಾದರೂ ಅವನು ಉತ್ತರ ಹೇಳಲೇಬೇಕು. ಜಗಳವು ಮುಖಾಮುಖಿಯಾದದ್ದರಿಂದಲೇ ಮಂಗಳದಲ್ಲಿ ಮುಗಿಯುವದು.

ಈ ಸೀಮೆಗೆ ಇನ್ನೊಂದು ಅನುಕೂಲವೂ ಇದೆ. ಹುಕ್ಕೇರಿ ತಾಲೂಕಿನ ಮೇರೆಯನ್ನು ದಾಟಿದರೆ ಗಡಹಿಂಗ್ಲಜ; ಇಲ್ಲಿಯ ಎಷ್ಟೋ ಮನೆಗಳಲ್ಲಿ ಕನ್ನಡವೂ ಮರಾಠಿಯೂ ಸಮನಾಗಿ ತಿಳಿಯುವದು. ಧಾರವಾಡದ ವಾರ್ತೆಯನ್ನು ಕೇಳಿದವರೇ ಸಾಂಗಲಿಯದನ್ನೂ ಕೇಳಬಲ್ಲರು. 1967ರ ಮಹಾಜನ ಆಯೋಗದ ವರದಿಯಾದಂದಿನಿಂದ ಗಡಿಯ ಪ್ರಶ್ನೆಯು ಎದ್ದಾಗಲೆಲ್ಲ ಒಂದೇ ಘಟನೆಯು ಎರಡು ಭಾಷೆಗಳಲ್ಲಿ ಎರಡು ರೂಪಗಳನ್ನು ತಾಳುವದನ್ನು ಅಂಥ ಮನೆಯವರು ಬಲ್ಲರು. ಒಂದರಲ್ಲಿ ವೀರನೆನಿಸಿದವನು ಮತ್ತೊಂದರಲ್ಲಿ ಪುಂಡನಾಗಿರುವನು. ಎರಡನ್ನೂ ಕೇಳಿದವನು ಸಿಟ್ಟಿಗೇಳುವದಕ್ಕೆ ಮೊದಲು ಒಂದಿಷ್ಟು ತಡೆಯುವನು. ಆ ತಡೆಯೇ ವಿವೇಕ. ಎರಡು ಭಾಷೆಗಳು ಕೊಡುವ ಈ ವರವನ್ನು ಗಡಿಯ ಜನರು ಶಾಪವೆಂದು ತಿಳಿಯದಿದ್ದರೆ, ದೂರದ ವಾಗ್ಮಿಗಳಿಗೆ ಅವರು ಸುಲಭದಲ್ಲಿ ಸಿಕ್ಕುವವರಲ್ಲ.

ಆದಕಾರಣ ಕೇಳುಗನ ಧರ್ಮವು ಕೆಲವು ಸಣ್ಣ ಪ್ರಶ್ನೆಗಳಲ್ಲಿ ಅಡಗಿದೆ. ಈ ಮಾತನಾಡುವವನಿಗೆ ಇದು ಹೇಗೆ ತಿಳಿಯಿತು? ಇವನು ನಿಂದಿಸುವವನ ಪಕ್ಷವೇನೆಂಬುದನ್ನು ಇವನು ಸರಿಯಾಗಿ ಹೇಳಿದನೇ? ನಿನ್ನೆ ಹೇಳಿದ್ದು ಸುಳ್ಳಾದಾಗ ಇಂದು ಅದನ್ನು ತಿದ್ದಿದನೇ? ಈ ಕಾರ್ಯಕ್ರಮಕ್ಕೆ ಹಣ ಕೊಡುವವರಾರು? ಇದನ್ನು ನಂಬಿದಮೇಲೆ ತಾನು ಯಾರ ಮನೆಗೆ ಹೋಗುವದನ್ನು ಬಿಡಬೇಕಾಗುವದು? ಈ ಕೊನೆಯ ಪ್ರಶ್ನೆಯನ್ನು ಹಿರಿಯರು ತಮ್ಮ ಮಕ್ಕಳ ಮುಂದೆಯೇ ಗಟ್ಟಿಯಾಗಿ ಕೇಳಿಕೊಳ್ಳುವದು ಒಳ್ಳೆಯದು. ದೂರದ ವಾಗ್ಮಿಯು ವೈರಿಯೆಂದು ಬೆರಳು ಮಾಡಿದವನು, ಸುಗ್ಗಿಯಲ್ಲಿ ಎತ್ತು ಕೊಟ್ಟ ನೆರೆಯವನೇ ಆಗಿರಬಹುದು. ರಾತ್ರಿ ಬೇನೆ ಬಂದಾಗ ಬಂಡಿ ಹೂಡಿದವನ ಮಗನೇ ಆಗಿರಬಹುದು. ವಾಗ್ಮಿಯು ನಾಳೆ ಈ ಊರಿನ ಸಾವುನೋವಿಗೆ ಬರತಕ್ಕವನಲ್ಲ.

ಬಾನುಲಿಗೆ ಪ್ರಶ್ನೆಯು ಮುಟ್ಟುವದಿಲ್ಲ, ನಿಜ. ಆದರೆ ಅದನ್ನು ಕೇಳುತ್ತ ಕುಳಿತ ಮನೆಯೊಳಗೆ ಒಬ್ಬರನ್ನೊಬ್ಬರು ಕೇಳಲು ಯಾವ ಅಡ್ಡಿಯೂ ಇಲ್ಲ. ಧ್ವನಿಯನ್ನು ಸ್ವಲ್ಪ ತಗ್ಗಿಸಿ, ಮೊಮ್ಮಗನು ಅಜ್ಜನನ್ನೂ ಸೊಸೆಯು ಅತ್ತೆಯನ್ನೂ 'ಇದು ಹೌದೇ?' ಎಂದು ಕೇಳುವ ರೂಢಿಯೊಂದು ಬೆಳೆದರೆ, ಹಿರಿಯರು ಅದನ್ನು ಉದ್ಧಟತನವೆಂದು ಗದರಿಸದೆ ಉತ್ತರ ಹೇಳಿದರೆ, ಕಳೆದುಹೋದ ಅರ್ಧದ ಅರ್ಥವು ಕನ್ನಡದ ಆ ಹಳೆಯ ಶಬ್ದಕ್ಕೆ ಮರಳಿ ಬಂದಂತಾಗುವದು. ವಾಚಕರು ಇದನ್ನು ತಮ್ಮ ತಮ್ಮ ಮನೆಗಳಲ್ಲಿ ಪರೀಕ್ಷಿಸಿ ನೋಡುವದು ಉಚಿತವಾಗಿದೆ.